ಕ್ರಶಿಂಗ್ ಚಾಲೂ ಆಗೇತಿ

ಕ್ರಶ್ ಎಂಬುದು ಇಂಗ್ಲಿಷಿನ ಒಂದು ಕ್ರಿಯಾಪದ. ಹದಿನಾಲ್ಕನೆಯ ಶತಮಾನದ ಸುಮಾರಿಗೆ ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂತು. ಫ್ರೆಂಚಿನಲ್ಲಿ ಅದಕ್ಕೆ ಹಲ್ಲು ಕಟಕಟ ಕಡಿ, ಲಟಕ್ಕನೆ ಮುರಿ ಎಂಬ ಅರ್ಥಗಳಿದ್ದವು. ನಿಘಂಟುಗಳು ವಾಚ್ಯಾರ್ಥವನ್ನು ಮೊದಲು ಹೇಳುತ್ತವೆ: ಎರಡು ಗಟ್ಟಿ ವಸ್ತುಗಳ ನಡುವೆ ಸಿಕ್ಕಿಸಿ, ಒತ್ತಿ, ಆಕಾರಗೆಡಿಸು. ಲಕ್ಷ್ಯಾರ್ಥಗಳು ಆಮೇಲೆ ಬರುತ್ತವೆ: ದಂಗೆ ಅಡಗಿಸು, ಎದುರಾಳಿಗೆ ಮಣ್ಣು ಮುಕ್ಕಿಸು, ಮನಸ್ಸು ಮುರಿ. ಎಲ್ಲಕ್ಕಿಂತ ಕೊನೆಗೆ, ಆಡುಮಾತು ಎಂಬ ಗುರುತು ಹಚ್ಚಿಸಿಕೊಂಡು, ಹೇಳಿಕೊಳ್ಳಲಾಗದ ಮೋಹ ಎಂಬ ಅರ್ಥ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಘಟಪ್ರಭಾದಲ್ಲಿ ಈ ಅನುಕ್ರಮ ನಡೆಯುವುದಿಲ್ಲ. ಅಲ್ಲಿ ಕ್ರಶ್ ಎನ್ನುವುದು ಮೊಟ್ಟಮೊದಲು ಒಂದು ಹಂಗಾಮು.

ಒಂದೇ ಪದದ ಮೇಲೆ ಹಲವು ಹೇರು ಹೇರುವುದು ಈ ಸೀಮೆಗೆ ಹೊಸದಲ್ಲ. ಘಟಪ್ರಭಾ ಎಂದರೆ ಹೊಳೆ. ಘಟಪ್ರಭಾ ಎಂದರೆ ಗೋಕಾಕ ತಾಲ್ಲೂಕಿನ ಒಂದು ಊರು, ಮೀರಜ–ಲೋಂಡಾ ಹಳಿಯ ಮೇಲಿನ ಒಂದು ರೈಲು ನಿಲ್ದಾಣ, ಎಡದಂಡೆ ಬಲದಂಡೆ ಕಾಲುವೆಗಳು, ಒಂದು ಪಕ್ಷಿಧಾಮ, ಒಂದು ಸಹಕಾರಿ ಸಕ್ಕರೆ ಕಾರ್ಖಾನೆ. ‘ಘಟಪ್ರಭಾ ತುಂಬೇತಿ’ ಎಂದಾಗ ಹೊಳೆ ತುಂಬಿದೆಯೋ ಬಸ್ಸು ತುಂಬಿದೆಯೋ ಎಂಬುದು ಆ ಮಾತಾಡಿದವರು ದಂಡೆಯ ಮೇಲೆ ನಿಂತಿದ್ದಾರೋ ಸ್ಟ್ಯಾಂಡಿನಲ್ಲಿ ನಿಂತಿದ್ದಾರೋ ನೋಡಿಕೊಂಡರೆ ಮಾತ್ರ ಗೊತ್ತಾಗುತ್ತದೆ. ಹೊಳೆಗೆ ಧುಪದಾಳದಲ್ಲಿ ಒಡ್ಡು ಕಟ್ಟಿ ಮುಗಿದದ್ದು 1897ರಲ್ಲಿ. ಮೇಲೆ ಹಿಡಕಲ್ ಜಲಾಶಯವಾದದ್ದು ಸ್ವಾತಂತ್ರ್ಯ ಬಂದ ಮೇಲೆ. ನೀರು ಹೋದಲ್ಲೆಲ್ಲ ಕಬ್ಬು ಹೋಯಿತು, ಕಬ್ಬು ಹೋದಲ್ಲೆಲ್ಲ ಚಿಮಣಿ ಎದ್ದಿತು. ಇವತ್ತು ಬೆಳಗಾವಿ ಜಿಲ್ಲೆಯೊಂದರಲ್ಲೇ ಎರಡು ಡಜನ್‌ಗಿಂತ ಹೆಚ್ಚು ಸಕ್ಕರೆ ಕಾರ್ಖಾನೆಗಳಿವೆ. ಅವುಗಳಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಪಾಲು ಸಣ್ಣದಲ್ಲ; ಸಂಕೇಶ್ವರದ ಹಿರಣ್ಯಕೇಶಿಯಂಥ ಹಳೆಯ ಸಹಕಾರಿ ಕಾರ್ಖಾನೆಗೆ ಹೊಳೆಯದೇ ಹೆಸರು.

ಕಾರ್ತಿಕದ ಹೊತ್ತಿಗೆ ಕಾರ್ಖಾನೆಗಳಲ್ಲಿ ‘ಬಾಯ್ಲರ್ ಅಗ್ನಿ ಪ್ರದೀಪನ’ ಎಂಬ ಸಮಾರಂಭ ನಡೆಯುತ್ತದೆ. ಆಮಂತ್ರಣ ಪತ್ರಿಕೆಯಲ್ಲಿ ‘ಕಬ್ಬು ನುರಿಸುವ ಹಂಗಾಮು’ ಎಂದು ಅಚ್ಚಾಗಿರುತ್ತದೆ. ಮರುದಿನದ ಪತ್ರಿಕೆಯೂ ಹಾಗೇ ಬರೆಯುತ್ತದೆ. ಆದರೆ ಆ ಪತ್ರಿಕೆಯನ್ನು ಚಹಾದಂಗಡಿಯಲ್ಲಿ ಗಟ್ಟಿಯಾಗಿ ಓದಿದವನು ತಲೆಯೆತ್ತಿ ಹೇಳುವುದು ಮಾತ್ರ: ‘ಕ್ರಶಿಂಗ್ ಚಾಲೂ ಆತಂತ್ರಿ.’ ಇಂಗ್ಲಿಷಿನ ಒಂದು ಪದ, ಹಿಂದಿ ಮರಾಠಿಗಳಿಂದ ಬಂದ ಒಂದು ಪದ, ಬಾಲಕ್ಕೆ ಕನ್ನಡ. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣುವುದಿಲ್ಲ.

ಈ ಕ್ರಿಯಾಪದದ ವಾಚ್ಯಾರ್ಥವನ್ನು ಪೂರ್ತಿ ತಿಳಿಯಬೇಕಾದರೆ ಹೊಲದಿಂದಲೇ ಹೊರಡಬೇಕು. ದೇಶದ ದಕ್ಷಿಣದಲ್ಲೆಲ್ಲ ಹಬ್ಬಿದ ಒಂದು ತಳಿಯ ಹೆಸರು ಕೋ 86032. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯವರು ಅದಕ್ಕೆ ಇಟ್ಟ ಮುದ್ದಿನ ಹೆಸರು ನಯನಾ. ರೈತರು ಮುದ್ದಿಗೆ ಮನಸೋಲದೆ ಅದನ್ನು ಅಂಕಿಯಿಂದಲೇ ಕರೆಯುತ್ತಾರೆ. ಹನ್ನೆರಡು ತಿಂಗಳೋ ಹದಿನಾಲ್ಕು ತಿಂಗಳೋ ನೀರು, ಗೊಬ್ಬರ, ಬೈಗುಳ ತಿಂದು ಬೆಳೆದ ನಯನಾ ಹಂಗಾಮು ಬಂದ ಕೂಡಲೇ ಕ್ರಶಿಂಗಿಗೆ ಹೋಗುವುದಿಲ್ಲ. ಮೊದಲು ಫೀಲ್ಡ್‌ಮನ್ ಬಂದು ನೋಡಬೇಕು, ಸ್ಲಿಪ್ ಬರಬೇಕು, ಕಡಿಯುವ ಗ್ಯಾಂಗ್ ಬರಬೇಕು. ಗ್ಯಾಂಗಿನವರು ಬಹಳ ಮಂದಿ ಮಹಾರಾಷ್ಟ್ರದ ಬೀಡ ಕಡೆಯವರು. ಹೊಲದ ಬದುವಿನಲ್ಲಿ ಗುಡಿಸಲು ಹಾಕಿ, ನಸುಕಿಗೆದ್ದು, ಕೊಯ್ದು, ರವದಿ ಸುಲಿದು, ಹೊರೆ ಕಟ್ಟುತ್ತಾರೆ. ಎರಡು ಟ್ರೇಲಿ ತುಂಬಿದ ಟ್ರ್ಯಾಕ್ಟರು ಕಾರ್ಖಾನೆಯ ಅಂಗಳ ಮುಟ್ಟಿ ಪಾಳಿ ಹಚ್ಚುತ್ತದೆ. ಪಾಳಿ ಒಮ್ಮೊಮ್ಮೆ ಒಂದು ರಾತ್ರಿ, ಒಮ್ಮೊಮ್ಮೆ ಎರಡು. ಡ್ರೈವರು ಟ್ರೇಲಿಯ ಕೆಳಗೆ ಹಾಸಿಕೊಂಡು ಮಲಗುತ್ತಾನೆ. ಪಾಳಿ ಬಂದಾಗ ಕಾಟಾ ಆಗುತ್ತದೆ. ಕಾಟಾ ಎಂದರೆ ಇಲ್ಲಿ ಮುಳ್ಳಲ್ಲ, ತೂಕದ ಕಟ್ಟೆ. ಅಲ್ಲಿ ತೂಗಿದ ಅಂಕಿಯ ಬಗ್ಗೆ ಯಾವ ಊರಿನ ರೈತನಿಗೂ ಪೂರ್ತಿ ನಂಬಿಕೆ ಇದ್ದದ್ದು ಕೇಳಿಬಂದಿಲ್ಲವಾದ್ದರಿಂದ ಮೊದಲನೆಯ ಅರ್ಥಕ್ಕೂ ಜಾಗವಿದೆ.

ಇಷ್ಟಾದ ಮೇಲೆ ನಿಜವಾದ ಕ್ರಶ್. ಸಾಲುಸಾಲು ಕತ್ತಿಗಳು ಕಬ್ಬನ್ನು ತುಂಡರಿಸುತ್ತವೆ, ಇನ್ನೊಂದು ಯಂತ್ರ ನಾರುನಾರಾಗಿ ಬಿಡಿಸುತ್ತದೆ. ನಾರು ನಾಲ್ಕರಿಂದ ಆರು ಗಿರಣಿಗಳ ಸಾಲಿನೊಳಗೆ ಹೋಗುತ್ತದೆ. ಒಂದೊಂದು ಗಿರಣಿಗೂ ಮೂರು ರೋಲರುಗಳು: ಕೆಳಗೆ ಎರಡು, ಮೇಲೆ ಒಂದು. ಮೇಲಿನದರ ಮೇಲೆ ಹೈಡ್ರಾಲಿಕ್ ಒತ್ತಡ. ಮೊದಲ ಗಿರಣಿಯಲ್ಲೇ ಬಹುಪಾಲು ರಸ ಇಳಿದುಹೋಗುತ್ತದೆ, ಆದರೂ ಬಿಡುವುದಿಲ್ಲ. ಕೊನೆಯ ಗಿರಣಿಗೆ ಮುಂಚೆ ಬಿಸಿನೀರು ಚಿಮುಕಿಸಿ, ಇದ್ದಬದ್ದ ಸಿಹಿಯನ್ನೂ ಹಿಂಡಿಕೊಂಡು, ಒಣ ಸಿಪ್ಪೆಯನ್ನು ಬಾಯ್ಲರಿಗೆ ಕಳಿಸುತ್ತಾರೆ. ಸಿಪ್ಪೆ ಉರಿದು ಉಗಿಯಾಗುತ್ತದೆ, ಉಗಿ ಟರ್ಬೈನು ತಿರುಗಿಸುತ್ತದೆ, ಆ ಬಲದಿಂದ ಹಿಂದೆ ಬರುವ ಕಬ್ಬು ನುರಿಯುತ್ತದೆ. ನಿನ್ನೆ ಸೊಸೆಯಾಗಿ ನುರಿದವಳು ಇಂದು ಅತ್ತೆಯಾಗಿ ನುರಿಸುವ ಈ ಏರ್ಪಾಟನ್ನು ಎಂಜಿನಿಯರುಗಳು ಕೋಜನರೇಶನ್ ಎನ್ನುತ್ತಾರೆ. ಮಿಕ್ಕ ವಿದ್ಯುತ್ತನ್ನು ಗ್ರಿಡ್ಡಿಗೆ ಮಾರುತ್ತಾರೆ. ನೂರು ಕಿಲೋ ಕಬ್ಬಿನಿಂದ ಕೊನೆಗೆ ಕೈಗೆ ಹತ್ತುವುದು ಸುಮಾರು ಹತ್ತು ಹನ್ನೊಂದು ಕಿಲೋ ಸಕ್ಕರೆ, ಮೂವತ್ತರ ಆಸುಪಾಸು ಸಿಪ್ಪೆ, ನಾಲ್ಕೈದು ಕಿಲೋ ಕಾಕಂಬಿ. ನೂರಕ್ಕೆ ಎಷ್ಟು ಸಕ್ಕರೆ ಸಿಕ್ಕಿತೆಂಬ ಲೆಕ್ಕಕ್ಕೆ ರಿಕವರಿ ಎಂದು ಹೆಸರು. ಬ್ಯಾಂಕಿನವರು ಮನೆಗೆ ಬಂದು ಮಾಡುವುದಕ್ಕೂ ಅದೇ ಹೆಸರು. ಮೊದಲನೆಯ ರಿಕವರಿ ಇಳಿದ ವರ್ಷ ಎರಡನೆಯದು ಏರುತ್ತದೆ.

ಗಮನಿಸತಕ್ಕ ವಿಷಯವೆಂದರೆ, ಕಬ್ಬು ರೋಲರುಗಳ ನಡುವೆ ಇರುವುದು ಕೆಲವೇ ನಿಮಿಷ. ಬೆಳೆಯಲು ವರ್ಷ, ಸ್ಲಿಪ್ಪಿಗೆ ವಾರಗಳು, ಪಾಳಿಗೆ ದಿನಗಳು, ಬಿಲ್ಲಿಗೆ ತಿಂಗಳುಗಳು. ಆದರೂ ಇಡೀ ಐದು ತಿಂಗಳ ಹಂಗಾಮಿಗೆ ಹೆಸರು ಕೊಟ್ಟದ್ದು ಆ ನಿಮಿಷಗಳೇ.

ಪ್ರಮಾಣ ಸಣ್ಣದಾದರೆ ಈ ಇಂಗ್ಲಿಷ್ ಪದ ತಾನೇ ಹಿಂದೆ ಸರಿಯುತ್ತದೆ. ಗೋಕಾಕದ ಪೇಟೆಯಲ್ಲಿ ಗೆಜ್ಜೆ ಕಟ್ಟಿದ ಚಕ್ರ ತಿರುಗಿಸಿ, ನಡುವೆ ಹಸಿಶುಂಠಿ, ನಿಂಬೆ ಸಿಕ್ಕಿಸಿ ಗ್ಲಾಸಿಗೆ ಇಳಿಸುವವನು ಕ್ರಶಿಂಗ್ ಮಾಡುತ್ತಾನೆ ಎಂದು ಯಾರೂ ಅನ್ನುವುದಿಲ್ಲ. ಅವನು ಕಬ್ಬಿನ ಹಾಲು ತೆಗೆಯುತ್ತಾನೆ. ಮೈಸೂರು ಕಡೆಯವರಿಗೆ ಅದು ರಸ, ಜ್ಯೂಸು, ಇಲ್ಲಿ ಹಾಲು. ಹಾಲು ಎಂದ ಮೇಲೆ ಜಜ್ಜುವ ಮಾತೇ ಬರಬಾರದು. ಬೆಲ್ಲ ಮಾಡುವವರೂ ಕ್ರಶಿಂಗ್ ಚಾಲೂ ಮಾಡುವುದಿಲ್ಲ, ಗಾಣ ಹೂಡುತ್ತಾರೆ. ಎತ್ತು ಹೋಗಿ ಎಂಜಿನ್ನು ಬಂದು, ಎಂಜಿನ್ನು ಹೋಗಿ ಮೋಟರು ಬಂದರೂ ಹೂಡುವುದು ತಪ್ಪಿಲ್ಲ. ಕೊಪ್ಪರಿಗೆಯಿಂದ ಇಳಿದ ಪೆಂಟಿ ಬೆಲ್ಲ ಪಕ್ಕದ ಮಹಾಲಿಂಗಪುರದ ಪೇಟೆಗೆ ಹೋಗುವವರೆಗೂ ಇಂಗ್ಲಿಷಿನ ಅಗತ್ಯ ಬೀಳುವುದಿಲ್ಲ. ಚಿಮಣಿ ಇದ್ದರೆ ಕ್ರಶಿಂಗ್, ಗೆಜ್ಜೆ ಇದ್ದರೆ ಹಾಲು, ಕೊಪ್ಪರಿಗೆ ಇದ್ದರೆ ಗಾಣ ಎಂಬುದು ಸ್ಥೂಲ ನಿಯಮ.

ಕನ್ನಡದ ತೊಂದರೆ ಪದ ಇಲ್ಲದ್ದಲ್ಲ, ಹೆಚ್ಚಾದದ್ದು. ಕ್ರಶ್ ಎಂಬ ಒಂದು ಪದಕ್ಕೆ ಅಡುಗೆಮನೆಯೊಂದರಲ್ಲೇ ಅರ್ಧ ಡಜನ್ ಮೀರಿದ ಕ್ರಿಯಾಪದಗಳಿವೆ, ಒಂದು ಇನ್ನೊಂದರ ಕೆಲಸಕ್ಕೆ ಕೈಹಾಕುವುದಿಲ್ಲ. ಬಳ್ಳೊಳ್ಳಿಯನ್ನು ಜಜ್ಜಬೇಕು. ಒಣಮೆಣಸಿನಕಾಯಿಯನ್ನು ಕುಟ್ಟಬೇಕು. ಕೊಬ್ಬರಿ ಮಸಾಲೆಯನ್ನು ಅರೆಯಬೇಕು. ನಿಂಬೆಯನ್ನು ಹಿಂಡಬೇಕು, ಎಮ್ಮೆಯನ್ನೂ ಹಿಂಡಬೇಕು, ಆದರೆ ನಿಂಬೆಯಂತಲ್ಲ. ಕಾಳು ಒಡೆಯಬೇಕು, ತಿಗಣೆ ಹೊಸಕಬೇಕು, ರೊಟ್ಟಿ ಮುರಿಯಬೇಕು, ಮುರಿದದ್ದನ್ನು ಹಾಲಿನಲ್ಲಿ ಕಿವುಚಬೇಕು. ಹೊಸದಾಗಿ ಮನೆಗೆ ಬಂದವಳು ‘ಬಳ್ಳೊಳ್ಳಿ ಹೊಸಕಲೇನ್ರಿ ಅತ್ತಿ?’ ಎಂದು ಕೇಳಿದರೆ ಅವಳ ತವರಿನ ಬಗ್ಗೆ ಒಂದು ತೀರ್ಮಾನ ಅಲ್ಲೇ ಆಗಿಹೋಗುತ್ತದೆ. ಹಿಂಡು ಎಂಬ ಕ್ರಿಯೆಯಿಂದ ಹಿಂಡಿ ಎಂಬ ನಾಮಪದ ಬಂತು: ಗಾಣದಲ್ಲಿ ಎಣ್ಣೆ ಹಿಂಡಿದ ಮೇಲೆ ಉಳಿದದ್ದು ದನಕ್ಕೆ ಹಾಕುವ ಹಿಂಡಿ. ಆದರೆ ಎಣ್ಣೆ ಒಂದು ಹನಿಯೂ ಹಿಂಡದೆ ಕುಟ್ಟಿದ್ದನ್ನೂ ಇಲ್ಲಿ ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂದು ರೊಟ್ಟಿಗೆ ಹಚ್ಚಿಕೊಳ್ಳುತ್ತಾರೆ. ಭಾಷೆ ತರ್ಕದ ಗಾಣಕ್ಕೆ ಸುಲಭವಾಗಿ ಸಿಗುವುದಿಲ್ಲ.

ಇವೆಲ್ಲವುಗಳಲ್ಲಿ ಹೆಚ್ಚು ಗೌರವಕ್ಕೆ ಪಾತ್ರವಾದದ್ದು ಪತ್ರಿಕೆಯವರು ಉಳಿಸಿಕೊಂಡು ಬಂದ ನುರಿ. ಧಾರವಾಡ ಸೀಮೆಯಲ್ಲೂ ಇದ್ದು ಪದ ಕೂಡಿಹಾಕಿದ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂತು. ಅಂಥ ನಿಘಂಟುಗಳನ್ನು ತೆರೆದರೆ ನುರಿ ಎಂಬ ಧಾತುವಿಗೆ ಎರಡು ಅರ್ಥ ಕಾಣುತ್ತವೆ: ಪುಡಿಯಾಗು, ಪಳಗು. ಹೀಗಾಗಿ ನುರಿತ ವೈದ್ಯ, ನುರಿತ ವಕೀಲ ಎಂದರೆ ಧಾತ್ವರ್ಥದಲ್ಲಿ ಚೆನ್ನಾಗಿ ಕ್ರಶ್ ಆದವರು. ಗುರು, ಕಕ್ಷಿದಾರ, ಸಂಸಾರ ಎಂಬ ಮೂರು ರೋಲರುಗಳ ನಡುವೆ ಹಾದು ಬಂದವರೆಂದು ಬೇಕಾದರೆ ವಿಸ್ತರಿಸಬಹುದು. ಅರೆ ಎಂಬ ಧಾತುವೂ ಇದೇ ದಾರಿ ಹಿಡಿದಿದೆ. ವ್ಯಾಕರಣವನ್ನು ಅರೆದು ಕುಡಿದವರು ಎಂದರೆ ಅದನ್ನು ಹಾಳುಮಾಡಿದವರಲ್ಲ, ಕರಗತ ಮಾಡಿಕೊಂಡವರು. ಇಂಗ್ಲಿಷಿನವರು ಜಜ್ಜುವುದರಿಂದ ಸೋಲು ಮತ್ತು ಮೋಹ ಎರಡನ್ನು ಹಿಂಡಿ ತೆಗೆದರೆ, ಕನ್ನಡದವರು ಅದೇ ಕೆಲಸದಿಂದ ಪಾಂಡಿತ್ಯ ತೆಗೆದರು. ಯಾರ ರಿಕವರಿ ಹೆಚ್ಚು ಎಂಬುದು ಅವರವರ ರುಚಿಗೆ ಬಿಟ್ಟದ್ದು.

ಈ ಸೀಮೆಯ ಭಾಷಾಭಿಮಾನದ ಬಗ್ಗೆ ಇಲ್ಲೊಂದು ಮಾತು. ಕನ್ನಡಕ್ಕೆ ಶಾಲೆಗಳಲ್ಲಿ ಮೊದಲ ಸ್ಥಾನ ಬೇಕೆಂದು 1982ರಲ್ಲಿ ನಡೆದ ದೊಡ್ಡ ಚಳವಳಿಗೆ ಗೋಕಾಕ ಚಳವಳಿ ಎಂದು ಹೆಸರು. ಹೊರಗಿನವರು ಅದು ಗೋಕಾಕದಲ್ಲಿ ಹುಟ್ಟಿತೆಂದು ತಿಳಿಯುವುದುಂಟು. ಅದಕ್ಕೆ ಹೆಸರು ಬಂದದ್ದು ವಿ. ಕೃ. ಗೋಕಾಕರ ವರದಿಯಿಂದ; ಅವರು ಹುಟ್ಟಿದ್ದು ಸವಣೂರಿನಲ್ಲಿ; ಅವರು ಪಾಠ ಹೇಳಿದ್ದು ಇಂಗ್ಲಿಷ್. ಹೆಸರುಗಳಿಗೂ ವಾಚ್ಯಾರ್ಥ ಲಕ್ಷ್ಯಾರ್ಥಗಳಿವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಜಲಪಾತದ ಗೋಕಾಕಕ್ಕೆ ಕ್ರಶಿಂಗ್ ಎನ್ನುವುದರಲ್ಲಿ ಇಂದಿಗೂ ಸಂಕೋಚವಿಲ್ಲ.

ಕ್ರಿಯಾಪದದ ಕೆಲವು ಚಿಲ್ಲರೆ ಅರ್ಥಗಳನ್ನು ಬೇಗ ಮುಗಿಸಬಹುದು. ಕಲ್ಲು ಒಡೆದು ಜಲ್ಲಿ ಮಾಡುವ ಸ್ಟೋನ್ ಕ್ರಶರ್ ಇಲ್ಲಿ ಖಡಿ ಮಶೀನು. ಅದರ ಸುತ್ತಲಿನ ಗಿಡಗಳ ಬಣ್ಣ ಹಸಿರಲ್ಲ. ಬಾಟಲಿಯಲ್ಲಿ ಬರುವ ಸ್ಟ್ರಾಬೆರಿ ಕ್ರಶ್ ಲಗ್ನದ ರಿಸೆಪ್ಶನ್ನಿನಲ್ಲಿ ಹಾಲಿಗೆ ಬಣ್ಣ ಕೊಡುತ್ತದೆ. 2012ರಲ್ಲಿ ಬಂದ ಕ್ಯಾಂಡಿ ಕ್ರಶ್ ಎಂಬ ಮೊಬೈಲ್ ಆಟದಲ್ಲಿ ಒಡೆಯುವುದು ಮಿಠಾಯಿ, ನುರಿಯುವುದು ಹೊತ್ತು. ವೈದ್ಯಶಾಸ್ತ್ರದಲ್ಲಿ ಕ್ರಶ್ ಸಿಂಡ್ರೋಮ್ ಎಂಬುದುಂಟು: ಭಾರದ ಕೆಳಗೆ ಬಹಳ ಹೊತ್ತು ಸಿಕ್ಕ ಸ್ನಾಯು ಬಿಟ್ಟ ವಿಷ ಮೂತ್ರಪಿಂಡವನ್ನು ಕೆಡಿಸುವುದು. 1941ರಲ್ಲಿ ಲಂಡನ್ ಮೇಲಿನ ಬಾಂಬ್ ದಾಳಿಯ ಗಾಯಾಳುಗಳಲ್ಲಿ ಇದನ್ನು ಬೈವಾಟರ್ಸ್ ಎಂಬ ವೈದ್ಯರು ವಿವರಿಸಿದರು. ಇದರಲ್ಲಿ ನಗುವಂಥದ್ದೇನಿಲ್ಲ. ರೈಲ್ವೆಯವರಿಗೆ ಕ್ರಶ್ ಲೋಡ್ ಎನ್ನುವುದು ಲೆಕ್ಕದ ಪದ. ಮುಂಬೈ ಲೋಕಲ್ ಗಾಡಿಗಳಲ್ಲಿ ಒಂದು ಚದರ ಮೀಟರಿನಲ್ಲಿ 14ರಿಂದ 16 ಮಂದಿ ನಿಂತರೆ ಅದಕ್ಕೆ ‘ಸೂಪರ್ ಡೆನ್ಸ್’ ಎಂಬ ಬಿರುದೂ ಸೇರುತ್ತದೆ. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಬಸ್ಸಿಗೆ ಈ ಬಿರುದು ಕಡಿಮೆಯೇ. ಆದರೆ ಅಲ್ಲಿ ಮೀಟರು ಹಿಡಿದು ಅಳೆಯಲು ಕೈ ಎತ್ತಲಾಗುವುದಿಲ್ಲ, ಕಂಡಕ್ಟರು ‘ಕುರಿ ತುಂಬಿಧಂಗ ತುಂಬ್ಯಾವ’ ಎಂಬ ಹಳೆಯ ಅಳತೆಯಲ್ಲೇ ತೃಪ್ತಿಪಡುತ್ತಾನೆ.

ಅಡಗಿಸು ಎಂಬ ಅರ್ಥ ಸರ್ಕಾರಗಳಿಗೆ ಪ್ರಿಯವಾದದ್ದು. ಶಾಲೆಯ ಚರಿತ್ರೆ ಪುಸ್ತಕದಲ್ಲಿ ಕ್ರಶ್ ಎಂಬುದಕ್ಕೆ ‘ಹತ್ತಿಕ್ಕಲಾಯಿತು’ ಎಂಬ ಒಂದೇ ಅನುವಾದ; ಯಾರು ಹತ್ತಿಕ್ಕಿದರು ಎಂಬುದು ಕರ್ಮಣಿ ಪ್ರಯೋಗದೊಳಗೆ ಅಡಗಿರುತ್ತದೆ. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕಾಯಿದೆಗೆ ಮಣಿಯದ ಹಲಗಲಿಯ ಬೇಡರ ಊರನ್ನು ಬ್ರಿಟಿಷರು ಸುಟ್ಟರು. ಬೇಡರ ಹೆಸರು ಲಾವಣಿಯಲ್ಲಿ ಉಳಿಯಿತು. ಘಟಪ್ರಭಾದ ಕರ್ನಾಟಕ ಹೆಲ್ತ್ ಇನ್‌ಸ್ಟಿಟ್ಯೂಟಿನೊಂದಿಗೆ ಬದುಕು ಬೆಸೆದಿದ್ದ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಹಿಂದೂಸ್ತಾನಿ ಸೇವಾದಳವನ್ನು 1932ರಲ್ಲಿ ಸರ್ಕಾರ ನಿಷೇಧಿಸಿತು. ಸೇವಾದಳವೆಂಬ ಹೆಸರು ಇನ್ನೂ ಬಳಕೆಯಲ್ಲಿದೆ, ಆ ಸರ್ಕಾರ ಇಲ್ಲ.

2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕ್ರಿಯಾಪದದ ಎರಡು ಅರ್ಥಗಳೂ ಒಟ್ಟಿಗೆ ರಸ್ತೆಗೆ ಬಂದವು. ಕೇಂದ್ರ ಆ ಹಂಗಾಮಿಗೆ ಗೊತ್ತುಮಾಡಿದ ಕಬ್ಬಿನ ಕನಿಷ್ಠ ಬೆಲೆಯಾದ ಎಫ್‌ಆರ್‌ಪಿ 10.25 ರಿಕವರಿಗೆ ಕ್ವಿಂಟಲಿಗೆ 355 ರೂಪಾಯಿ, ಎಂದರೆ ಟನ್ನಿಗೆ 3,550. ಓದಲು ಚೆನ್ನಾಗಿದೆ. ಅದರಲ್ಲಿ ಕಡಿತದ ಕೂಲಿ, ಸಾಗಣೆಯ ಬಾಡಿಗೆ ಕಳೆದು ಕೈಗೆ ಬರುವುದು ಬೇರೆ. ರೈತರು ಟನ್ನಿಗೆ 3,500 ಕೈಗೇ ಬರಲಿ ಎಂದು ಪಟ್ಟುಹಿಡಿದು ಒಂದು ವಾರಕ್ಕೂ ಹೆಚ್ಚು ಕಾಲ ಕೂತರು. ಸುತ್ತಲ ಜಿಲ್ಲೆಗಳಿಂದ ಮಂದಿ ರೊಟ್ಟಿ ಕಟ್ಟಿಕೊಂಡು ಬಂದು ಕೂಡಿದರು. ಕೊನೆಗೆ 3,300ಕ್ಕೆ ಮಾತು ಮುಗಿಯಿತು. ಕ್ರಶಿಂಗ್ ನಿಲ್ಲಿಸಿದವರನ್ನು ಕ್ರಶ್ ಮಾಡಲಾಗಲಿಲ್ಲ ಎಂದು ಇಂಗ್ಲಿಷಿನಲ್ಲಾದರೆ ಒಂದೇ ಪದದಲ್ಲಿ ಶ್ಲೇಷೆ ಮಾಡಬಹುದು. ಗುರ್ಲಾಪುರದಲ್ಲಿ ಅದನ್ನು ಮಾಡುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ.

ಉಳಿದದ್ದು ಮೋಹ. ಇಂಗ್ಲಿಷಿನಲ್ಲಿ ಈ ಅರ್ಥ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಸುಮಾರಿಗೆ, ಅಮೆರಿಕದ ಆಡುಮಾತಿನಲ್ಲಿ. ಕರ್ನಾಟಕಕ್ಕೆ ಅದು ದೊಡ್ಡದಾಗಿ ಬಂದದ್ದು ಮೊಬೈಲಿನ ಜೊತೆಗೆ. 2016ರ ಕೊನೆಗೆ ಬಿಡುಗಡೆಯಾದ ‘ಕಿರಿಕ್ ಪಾರ್ಟಿ’ಯ ನಾಯಕಿ, ಕೊಡಗಿನ ರಶ್ಮಿಕಾ ಮಂದಣ್ಣ ಮೊದಲು ಕರ್ನಾಟಕದ ಕ್ರಶ್ ಆಗಿ, ಆಮೇಲೆ ನ್ಯಾಷನಲ್ ಕ್ರಶ್ ಆದರು. ರಾಷ್ಟ್ರಪಕ್ಷಿ, ರಾಷ್ಟ್ರಪ್ರಾಣಿಗಳ ಸಾಲಿಗೆ ಹೀಗೊಂದು ಹುದ್ದೆ ಸೇರಿತು. ಇದಕ್ಕೆ ಗೆಜೆಟ್ ಪ್ರಕಟಣೆ ಬೇಕಾಗಲಿಲ್ಲ.

ಹೀಗೆ ಒಂದೇ ಪದ ಘಟಪ್ರಭಾದ ಮನೆಗಳಿಗೆ ಎರಡು ಬಾಗಿಲಿನಿಂದ ಬಂತು. ಕಾರ್ಖಾನೆಯ ಗೇಟಿನಿಂದ ಬಂದದ್ದು ಅಪ್ಪನ ಬಾಯಲ್ಲಿ ಕುಳಿತಿತು, ಫೋನಿನಿಂದ ಬಂದದ್ದು ಮಗನ ಬಾಯಲ್ಲಿ. ಒಂದೇ ಪಡಸಾಲೆಯಲ್ಲಿ ಓಡಾಡಿದರೂ ಎರಡಕ್ಕೂ ಪರಸ್ಪರ ಗುರುತಿಲ್ಲ. ಡಿಗ್ರಿ ಓದುವ ಮಗ ಹಿತ್ತಲಿನಲ್ಲಿ ಗೆಳೆಯನಿಗೆ ಫೋನಿನಲ್ಲಿ ‘ಕ್ರಶ್ ಕಡೆಯಿಂದ ಇನ್ನೂ ರಿಪ್ಲೈ ಬಂದಿಲ್ಲೋ ದೋಸ್ತ’ ಎಂದರೆ, ಒಳಗಿನಿಂದ ಅಪ್ಪನ ಉತ್ತರ ಬರುವ ಸಂಭವವಿದೆ: ‘ಫೋನಿನ್ಯಾಗ ಕೇಳಿದ್ರ ಯಾರ್ ಹೇಳ್ತಾರೋ ತಮ್ಮಾ? ಮುಂಜಾನೆ ಲಗೂನ ಎದ್ದು ಗೇಟಿಗೆ ಹೋಗಿ ನಿಂದ್ರು. ಆ ಫೀಲ್ಡ್‌ಮನ್‌ಗ ಒಂದ್ ಚಾ ಕುಡಿಸು. ತಾನ ಬರ್ತೈತಿ.’ ಕಬ್ಬಿನ ಮಟ್ಟಿಗೆ ಇದು ಅನುಭವದ ಮಾತು. ಕಾಲೇಜಿನ ಮಟ್ಟಿಗೆ ಪಾಲಿಸಿದರೆ ಕೊನೆಗೆ ಪೊಲೀಸ್ ಠಾಣೆಯ ಗೇಟೂ ಕಾಣಬಹುದು.

ವ್ಯಾಕರಣದಲ್ಲಿ ಈ ಎರಡು ಬೇರೆ ಬೇರೆ ಜಾತಿ. ಅಪ್ಪನ ಕ್ರಶಿಂಗ್ ಚಾಲೂ ಆಗುತ್ತದೆ, ಬಂದ್ ಆಗುತ್ತದೆ, ಅದಕ್ಕೆ ಸ್ವಿಚ್ಚಿದೆ. ಮಗನ ಕ್ರಶ್ ಬರೀ ಆಗುತ್ತದೆ: ‘ನನಗ ಅಕಿ ಮ್ಯಾಲ ಕ್ರಶ್ ಆಗೇತಿ.’ ಇಂಗ್ಲಿಷಿನವನು ಕ್ರಶ್ಶನ್ನು ಕಿಸೆಯಲ್ಲಿ ಇಟ್ಟುಕೊಂಡವನಂತೆ ‘ನನ್ನ ಹತ್ತಿರ ಇದೆ’ ಎನ್ನುತ್ತಾನೆ. ಕನ್ನಡದಲ್ಲಿ ಅದು ಚತುರ್ಥಿ ವಿಭಕ್ತಿಗೆ ಬಂದು ಬಡಿಯುವ ಸಂಗತಿ. ನನಗ ನೆಗಡಿ ಆಗೇತಿ, ನನಗ ಸಾಲ ಆಗೇತಿ, ನನಗ ಕ್ರಶ್ ಆಗೇತಿ. ಮೂರರಲ್ಲೂ ತಾನಾಗಿ ಮಾಡಿದ್ದೇನೂ ಇಲ್ಲ, ಮೂರೂ ಮೈಮೇಲೆ ಬಂದದ್ದು. ಇದಕ್ಕೆ ಮೊದಲು ಇಲ್ಲಿಯವರು ‘ಮನಸ ಆಗೇತಿ’, ‘ಜೀವ ಐತಿ’ ಎನ್ನುತ್ತಿದ್ದರು. ಹೊಸ ಪದ ಆ ಹಳೆಯ ಅಚ್ಚಿನೊಳಗೇ ಬಂದು ಕೂತಿದೆ. ಇನ್ನೂ ಸೂಕ್ಷ್ಮವಾಗಿ ನೋಡಿದರೆ ಒಂದು ತಲೆಕೆಳಗು ಇದೆ. ನುರಿಯುವವನು ಹುಡುಗ, ಆದರೆ ‘ಅಕಿ ನನ್ನ ಕ್ರಶ್’ ಎಂದು ಹೆಸರು ಹೋದದ್ದು ಹುಡುಗಿಗೆ. ಕಬ್ಬಿನ ಹೊರೆ ರೋಲರನ್ನು ತೋರಿಸಿ ‘ಇದ ನನ್ನ ರಸ’ ಎಂದಂತೆ. ಎರಡೂ ಕಡೆ ರೋಲರಿಗೆ ವಿಷಯ ತಿಳಿದಿರುವುದಿಲ್ಲ.

ಕಾನೂನಿನಲ್ಲೂ ಎರಡಕ್ಕೂ ಸಮಾನತೆ ಇಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ. ಮನಸ್ಸು ಒಪ್ಪಿಸಿದವನಿಗೆ ಇಂಥ ರಕ್ಷಣೆ ಏನೂ ಇಲ್ಲ. ಮೆಸೇಜಿನ ಪಕ್ಕ ಎರಡು ನೀಲಿ ಗೆರೆ ಬಿದ್ದು 14 ತಿಂಗಳಾದರೂ ಬಡ್ಡಿ ಹುಟ್ಟುವುದಿಲ್ಲ. ಒಂದು ಸಕ್ಕರೆ ಕಾರ್ಖಾನೆಗೂ ಇನ್ನೊಂದಕ್ಕೂ ಕನಿಷ್ಠ 15 ಕಿಲೋಮೀಟರ್ ಅಂತರವಿರಬೇಕೆಂಬ ನಿಯಮವಿದೆ. ಕಾಲೇಜಿನಲ್ಲಿ ಒಂದೇ ಬೆಂಚಿನ ನಾಲ್ವರಿಗೆ ಒಂದೇ ಕ್ರಶ್ ಇರುವುದನ್ನು ಯಾವ ಆದೇಶವೂ ತಡೆಯುವುದಿಲ್ಲ. ಕಡಿದ ಕಬ್ಬನ್ನು ಒಂದು ದಿನದೊಳಗೆ ನುರಿಸದಿದ್ದರೆ ಸಕ್ಕರೆ ಒಡೆದು ಸಿಹಿ ಇಳಿಯುತ್ತ ಹೋಗುತ್ತದೆ, ತೂಕವೂ ಆರುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಹೇಳದೆ ಬಿಟ್ಟ ಕ್ರಶ್ ಇಪ್ಪತ್ತು ವರ್ಷ ಕಳೆದಷ್ಟೂ ಸಿಹಿಯಾಗುತ್ತದೆ. ಆ ಸಕ್ಕರೆ ಎಲ್ಲಿಂದ ಬರುತ್ತದೆಂದು ರಸಾಯನಶಾಸ್ತ್ರ ಇನ್ನೂ ಹೇಳಿಲ್ಲ.

ಜಜ್ಜುವಿಕೆಗೂ ಪ್ರೀತಿಗೂ ನಂಟು ಕಲ್ಪಿಸಿದ ಕೀರ್ತಿ ಅಮೆರಿಕದವರಿಗೆ ಮಾತ್ರ ಸಲ್ಲುವುದೂ ಸರಿಯಲ್ಲ. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯ ಒಂದು ವಚನದಲ್ಲಿ ಗಂಧ, ಚಿನ್ನಗಳ ಜೊತೆ ಕಬ್ಬೂ ಬರುತ್ತದೆ. ಅದನ್ನು ಕಡಿದು ಗಾಣದಲ್ಲಿ ಅರೆದರೂ, ಬೇಯಿಸಿದರೂ ಅದು ಸಿಹಿ ಬಿಡಲಿಲ್ಲ, ಹಾಗೆಯೇ ತಾನೂ ಚೆನ್ನಮಲ್ಲಿಕಾರ್ಜುನನನ್ನು ಬಿಡೆನೆಂಬುದು ಅದರ ಭಾವ. ಅಲ್ಲಿ ಒಲಿದವಳು ತಾನೇ ಕಬ್ಬು ಎಂದು ಒಪ್ಪಿಕೊಂಡಿದ್ದಾಳೆ. ವಿಭಕ್ತಿಯ ಗೊಂದಲ ಇಲ್ಲ. ಆದರೆ ಆಕೆಯ ವಿಷಯವನ್ನು ಕ್ರಶ್ ಎಂಬ ಪದದಡಿ ಸೇರಿಸಿದರೆ ನಿಘಂಟುಕಾರರಿಗಿಂತ ಮೊದಲು ಊರವರೇ ಸಿಟ್ಟಾಗುತ್ತಾರೆ.

ಎರಡೂ ಅರ್ಥಗಳನ್ನು ಏಕಕಾಲಕ್ಕೆ ಕಾಣಬೇಕಾದರೆ ಡಿಸೆಂಬರಿನ ಒಂದು ಸಂಜೆ ಮೂಡಲಗಿ ರಸ್ತೆಯಲ್ಲಿ ಬಸ್ಸಿನಲ್ಲಿ ಕೂರಬೇಕು. ಮುಂದೆ ಎರಡು ಟ್ರೇಲಿ ಎಳೆಯುತ್ತ ಟ್ರ್ಯಾಕ್ಟರು ಹೋಗುತ್ತಿರುತ್ತದೆ. ರಸ್ತೆಯ ಎರಡೂ ಅಂಚಿಗೆ ಕಬ್ಬಿನ ತುದಿ ತಾಗುವಷ್ಟು ಹೇರು. ಹಿಂದಿನ ಬಸ್ಸಿಗೆ ದಾರಿ ಸಿಗುವುದು ಕಾರ್ಖಾನೆಯ ಗೇಟಿನಲ್ಲೇ. ಟ್ರ್ಯಾಕ್ಟರಿನವನ ತಲೆಯ ಮೇಲೆ ಕಟ್ಟಿದ ಸ್ಪೀಕರಿನಿಂದ ಕೈಕೊಟ್ಟ ಹುಡುಗಿಯ ಮೇಲಿನ ಜಾನಪದ ಡಿಜೆ ಹಾಡು ನಾಲ್ಕು ಹೊಲ ದಾಟಿ ಕೇಳುತ್ತದೆ. ಹಿಂದೆ ಹದಿನೆಂಟು ಟನ್ನು ನುರಿಯಲು ಹೊರಟಿದೆ, ಮುಂದೆ ಒಬ್ಬ ಆಗಲೇ ನುರಿದು ಕೂತಿದ್ದಾನೆ. ಬ್ರೇಕು ಹಿಡಿಯುವವನೂ ಅವನೇ ಆದ್ದರಿಂದ ಬಸ್ಸಿನವರು ಹಾರ್ನು ಹೊಡೆಯುವುದಿಲ್ಲ.

ಮಾರ್ಚಿ ಏಪ್ರಿಲ್ ಹೊತ್ತಿಗೆ ಹೊಲದಲ್ಲಿ ಕೂಳೆ ಚಿಗುರುತ್ತದೆ, ಗ್ಯಾಂಗಿನವರು ಗುಡಿಸಲು ಬಿಚ್ಚುತ್ತಾರೆ, ಕ್ರಶಿಂಗ್ ಬಂದ್ ಆಗುತ್ತದೆ. ಬಿಲ್ಲು ಬಂದವರು ಲಗ್ನ ಹಿಡಿಯುತ್ತಾರೆ. ಈ ಸೀಮೆಯ ಲಗ್ನಗಳು ಬಹುಪಾಲು ಕಾರ್ಖಾನೆಯ ಕ್ಯಾಲೆಂಡರನ್ನು ನೋಡಿಕೊಂಡೇ ಗೊತ್ತಾಗುತ್ತವೆ, ಪಂಚಾಂಗ ಆಮೇಲೆ. ಹೀಗಾಗಿ ಅಪ್ಪನ ಕ್ರಶಿಂಗ್ ಮುಗಿದ ಹದಿನೈದು ದಿನಕ್ಕೆ ಮಗನ ಕ್ರಶ್ಶಿನ ಆಮಂತ್ರಣ ಪತ್ರಿಕೆ ಮನೆಗೆ ಬರುವುದು ಅಪರೂಪವಲ್ಲ. ವರ ಬೇರೆ ಊರಿನವನು, ಕಾರ್ಖಾನೆಯಲ್ಲೇ ಕೆಮಿಸ್ಟ್ ಇದ್ದಾನೆ ಎಂದು ಗೊತ್ತಾಗುತ್ತದೆ. ಓಣಿಯ ಹುಡುಗ ಎಂದ ಮೇಲೆ ಪಂಕ್ತಿಯಲ್ಲಿ ಬಡಿಸುವ ಕೆಲಸ ತಪ್ಪಿಸಿಕೊಳ್ಳಲಾಗುವುದಿಲ್ಲ. ಗೋದಿ ಕುಟ್ಟಿ, ಬೆಲ್ಲ ಹಾಕಿ ಮಾಡಿದ ಹುಗ್ಗಿಯ ಬಕೀಟು ಹಿಡಿದು ಅವನು ಸಾಲಿನ ಆ ತುದಿಯಿಂದ ಈ ತುದಿಗೆ ಬರುತ್ತಾನೆ. ಹೊಸ ಅಳಿಯನ ಎಲೆಯ ಮುಂದೆ ನಿಂತು, ಸೌಟು ತುಂಬಿಸಿಕೊಂಡು, ಬೀಗರ ಮರ್ಯಾದೆ ಬಿಡದೆ ಕೇಳುತ್ತಾನೆ: ‘ಇನ್ನೊಂದ್ ಸ್ವಲ್ಪ ಹಾಕ್ಲೇನ್ರಿ ಮಾಮಾ?’